ಪದ ಪರಿಚಯ: ಸಿಆರ್‌ಪಿ ಮತ್ತು ಹೊಟ್ಟೆಯ ಬೊಜ್ಜು

ಮಂಡ್ಯದ ಕಡೆ ಕಬ್ಬು ಕಡಿಯುವಾಗ ಕೈಗೆ ಮಚ್ಚು ತಾಗಿ ಕೀವು ಕಟ್ಟಿತೆನ್ನಿ. ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದು ಉರಿಯೂತ. ಆಗ ಲಿವರ್ ರಕ್ತಕ್ಕೆ ಬಿಡುವ ಒಂದು ವಸ್ತು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ. 1930ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ.

ಗಾಯ, ಜ್ವರ ಯಾವುದೂ ಇಲ್ಲದವರಲ್ಲೂ ಇದು ಸ್ವಲ್ಪ ಏರಿಯೇ ಇರಬಹುದು. ಅದಕ್ಕೆ ಒಂದು ಮುಖ್ಯ ಕಾರಣ ಹೊಟ್ಟೆಯೊಳಗಿನ ಕೊಬ್ಬು. ತೂಕ ಹೆಚ್ಚಿದಂತೆ ಕೊಬ್ಬಿನ ಕೋಶಗಳು ಹಿಗ್ಗುತ್ತವೆ, ಕೆಲವು ಸಾಯುತ್ತವೆ. ಸತ್ತ ಕೋಶವನ್ನು ತೆರವು ಮಾಡಲು ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳು ಸುತ್ತುವರಿಯುತ್ತವೆ. ಈ ಕಣಗಳೂ ಕೊಬ್ಬಿನ ಕೋಶಗಳೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವನ್ನು ಹೊರಬಿಡುತ್ತವೆ. ಕರುಳಿನ ಸುತ್ತಲ ಕೊಬ್ಬಿನ ರಕ್ತ ನೇರವಾಗಿ ಲಿವರ್‌ಗೇ ಹೋಗುವುದರಿಂದ ಸಂದೇಶ ಬೇಗ ತಲುಪುತ್ತದೆ, ಲಿವರ್ ಸಿಆರ್‌ಪಿ ತಯಾರಿಸುತ್ತಲೇ ಇರುತ್ತದೆ. ತೊಡೆ, ಪೃಷ್ಠದ ಕೊಬ್ಬಿಗಿಂತ ಹೊಟ್ಟೆಯದು ಹೆಚ್ಚು ಕೆಡುಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಸಣ್ಣ ಏರಿಕೆ ತಿಳಿಯಲು ಸಾಮಾನ್ಯ ಸಿಆರ್‌ಪಿ ಸಾಲದು. ಲ್ಯಾಬಿನಲ್ಲಿ ಎಚ್‌ಎಸ್-ಸಿಆರ್‌ಪಿ ಎಂದೇ ಕೇಳಬೇಕು, ಅಂದರೆ ಸಣ್ಣ ಪ್ರಮಾಣವನ್ನೂ ಹಿಡಿಯುವ ಹೈ-ಸೆನ್ಸಿಟಿವಿಟಿ ಪರೀಕ್ಷೆ. ಹಸಿದ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ಜನ ಎಡವುವುದು ಅಳತೆಯ ಮಾನದಲ್ಲಿ. ಕೆಲವು ರಿಪೋರ್ಟು ಡೆಸಿಲೀಟರ್ (ಲೀಟರಿನ ಹತ್ತನೇ ಒಂದು ಭಾಗ) ಲೆಕ್ಕದಲ್ಲಿರುತ್ತವೆ, ಅಲ್ಲಿನ 0.6 ಎಂದರೆ ಲೀಟರಿಗೆ 6. ‘ಒಂದಕ್ಕಿಂತ ಕಡಿಮೆ ಇದೆಯಲ್ಲ’ ಎಂದು ನೆಮ್ಮದಿಪಡುವಂತಿಲ್ಲ.

10 ದಾಟಿದ್ದರೆ ತೂಕದ ಮೇಲೆ ಹೊರಿಸಬೇಡಿ, ಮೊದಲು ಸೋಂಕು ಹುಡುಕಬೇಕು. ದಸರಾ ಜನಜಂಗುಳಿಯಲ್ಲಿ ಸುತ್ತಾಡಿ ಬಂದ ನೆಗಡಿ-ಕೆಮ್ಮು, ಒಸಡಿನ ಕೀವು ಕೂಡ ಸಂಖ್ಯೆಯನ್ನು ಏರಿಸುತ್ತವೆ. ಬೀಡಿ-ಸಿಗರೇಟು, ಗರ್ಭನಿರೋಧಕ ಮಾತ್ರೆಯೂ ಅಷ್ಟೆ. ಚಿಕುನ್‌ಗುನ್ಯಾ ವಾಸಿಯಾದ ಮೇಲೂ ಕೀಲುನೋವು ಉಳಿದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಸಂಖ್ಯೆ ಏರಿದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ನುಂಗುವುದಂತೂ ಖಂಡಿತ ಬೇಡ.

ರಕ್ತದಲ್ಲಿನ ಸಿಆರ್‌ಪಿ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ನೆಗಡಿಯಿಂದ ಏರಿದ್ದು ಎರಡು ವಾರದಲ್ಲಿ ತಾನೇ ತಗ್ಗುತ್ತದೆ. ಬೊಜ್ಜಿನದು ತಗ್ಗುವುದಿಲ್ಲ, ಮತ್ತೆ ಮಾಡಿಸಿದರೂ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಎರಡು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ ಎನ್ನುವುದು ಇದಕ್ಕೇ.

ಜೊತೆಗೆ ಸೊಂಟದ ಸುತ್ತಳತೆ ತೆಗೆದುಕೊಳ್ಳಿ. ಪಂಚೆ ಬಿಗಿಯುವ ಜಾಗವಾಗಲಿ ಪ್ಯಾಂಟಿನ ಸೈಜಾಗಲಿ ಲೆಕ್ಕಕ್ಕಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಟೇಪು ಬಿಗಿಯದೆ ಅಳೆಯಬೇಕು. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ತೂಕ ಇಳಿದಂತೆ ಸಿಆರ್‌ಪಿಯೂ ಇಳಿಯುತ್ತದೆ: ತಗ್ಗಿದ ಪ್ರತಿ ಕಿಲೋಗೆ ಸರಾಸರಿ ಲೀಟರಿಗೆ 0.13 ಮಿಲಿಗ್ರಾಂ, ಐದು ಕಿಲೋ ಇಳಿಸಿದರೆ ಸುಮಾರು 0.65. ನೋಡಲು ಚಿಕ್ಕದು, ಆದರೆ 3.5 ಇದ್ದವರನ್ನು ಮಧ್ಯಮದ ಸಾಲಿಗೆ ತರಲು ಅಷ್ಟು ಸಾಕು.