ಸ್ಟಾಕ್ ಕ್ಲಾಸ್ ಅಂದ ಮೇಲೆ ಇಂಜಿನ್‌ನಲ್ಲಿ ಮಾಡೋಕೆ ಏನಿರುತ್ತೆ?

ತೀರ್ಥಹಳ್ಳಿಯ ಓದುಗರೊಬ್ಬರ ಪ್ರಶ್ನೆ: ನೇರ ದಾರಿಯಲ್ಲಿ ಓಡಿಸೋ ಡ್ರ್ಯಾಗ್ ರೇಸ್‌ನ ಸ್ಟಾಕ್ ಕ್ಲಾಸ್‌ನಲ್ಲಿ ಕಂಪನಿ ಪಾರ್ಟ್ ಬಿಟ್ಟು ಬೇರೆ ಹಾಕುವಂತಿಲ್ಲ. ಆದ್ರೂ ಒಂದು ಯಮಹಾ ಆರ್‌ಎಕ್ಸ್ 100 ಬೈಕ್ ಇನ್ನೊಂದನ್ನು 402 ಮೀಟರ್‌ನಲ್ಲಿ ಹಿಂದೆ ಹಾಕೋದು ಹೇಗೆ?

ಅಳತೆಯಿಂದ. ಫ್ಯಾಕ್ಟರಿಯಲ್ಲಿ ಪ್ರತಿ ಪಾರ್ಟಿಗೂ ‘ಇಷ್ಟರಿಂದ ಇಷ್ಟರೊಳಗೆ ಇದ್ದರೆ ಸರಿ’ ಅಂತ ಒಂದು ಮಿತಿ ಇರುತ್ತದೆ. ಆ ಮಿತಿಯೊಳಗೇ ವೇಗಕ್ಕೆ ಅನುಕೂಲವಾದ ತುದಿಗೆ ಒಂದೊಂದನ್ನೂ ತಂದು ಕೂರಿಸಬೇಕು. ಇದಕ್ಕೆ ಬ್ಲೂಪ್ರಿಂಟಿಂಗ್ ಅಂತಾರೆ.

ಹೆಡ್‌ಗೂ (ಇಂಜಿನ್‌ನ ಮೇಲಿನ ಮುಚ್ಚಳ) ಪಿಸ್ಟನ್‌ಗೂ ನಡುವಿನ ಸಂದನ್ನೇ ನೋಡಿ. ರೇಡಿಯೋ ರಿಪೇರಿಯವರು ಬಳಸೋ ಸೀಸದ ತಂತಿ ಸಾಕು. ಪ್ಲಗ್ ಬಿಚ್ಚಿ, ತಂತಿಯ ತುದಿ ಬೋರ್‌ನ (ಪಿಸ್ಟನ್ ಓಡಾಡುವ ಕೊಳವೆ) ಅಂಚಿಗೆ ತಾಗುವಂತೆ ಒಳಗೆ ಬಿಡಿ. ಕಿಕ್ಕರ್ ಅನ್ನು ಕೈಯಲ್ಲೇ ನಿಧಾನಕ್ಕೆ ಒತ್ತಿ ಪಿಸ್ಟನ್ ಮೇಲೆ ದಾಟಿಸಿ. ತಂತಿ ಚಪ್ಪಟೆಯಾಗಿ ಹೊರಬರುತ್ತದೆ. ಆ ಚಪ್ಪಟೆ ತುದಿಯ ದಪ್ಪವೇ ನಿಮ್ಮ ಸಂದು. ಎರಡೂ ಬದಿ ಅಳೆಯಿರಿ, ಒಂದೇ ಸಲಕ್ಕೆ ನಂಬಬೇಡಿ. ಸಂದು ಕಡಿಮೆಯಾದಷ್ಟೂ ಕಂಪ್ರೆಷನ್ ಜಾಸ್ತಿ, ಪೆಟ್ರೋಲ್ ಚೆನ್ನಾಗಿ ಉರಿಯುತ್ತದೆ. ತೀರಾ ಕಡಿಮೆ ಮಾಡಿದರೆ ಪಿಸ್ಟನ್ ಹೆಡ್‌ಗೆ ಬಡಿಯುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಇದೇ ಬಹಳ ಇಷ್ಟ.

ಬೋರ್ ಮಾಡಿಸುವಾಗ, ಅಂದರೆ ಆ ಕೊಳವೆಯನ್ನು ಕೊರೆಸಿ ಅಗಲ ಮಾಡಿಸುವಾಗ ಮಾತ್ರ ಎಚ್ಚರ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) 50 ಮಿ.ಮೀ. ಲೆಕ್ಕ ಹಾಕಿದರೆ 98 ಸಿಸಿ. 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ 99 ದಾಟುತ್ತದೆ. 0.50 ಹಾಕಿದರೆ 100 ಸಿಸಿಯನ್ನೇ ಮೀರುತ್ತದೆ! ನಿಮ್ಮ ಕ್ಲಾಸ್‌ನ ಮಿತಿ 100 ಆಗಿದ್ದರೆ, ಗೆದ್ದ ಮೇಲೆ ಹೆಡ್ ಬಿಚ್ಚಿ ಅಳೆದಾಗ ಎಲ್ಲ ಹೋಯಿತು.

ರಿಂಗ್ ಗ್ಯಾಪ್ (ಪಿಸ್ಟನ್ ರಿಂಗ್‌ನ ಎರಡು ತುದಿಗಳ ನಡುವಿನ ಸಂದು), ಕ್ರ್ಯಾಂಕ್ ನೇರ ಇದೆಯಾ, ಗಾಳಿ-ಪೆಟ್ರೋಲ್ ಒಳಬಿಡೋ ರೀಡ್ ವಾಲ್ವ್ ಸರಿಯಾಗಿ ಮುಚ್ಚುತ್ತಾ, ಇವನ್ನೂ ಬಿಡಬೇಡಿ. ಕ್ಲಚ್ ಜಾರುತ್ತಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು. ಎತ್ತರ 100 ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ. 1 ಇಳಿಯುತ್ತದೆ. ಆಗುಂಬೆ 600 ಮೀಟರಿಗೂ ಮೇಲಿದೆ. ಅಲ್ಲಿಗೆ ಸರಿಯಾಗಿ ಹೊಂದಿಸಿದ ಜೆಟ್‌ನಲ್ಲೇ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪಾರ್ಟ್) ಮಂಗಳೂರಿಗೆ ಇಳಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ತುಂಬಾ ಬಿಸಿಯಾಗುತ್ತದೆ, ಅಲ್ವಾ? ಫುಲ್ ಥ್ರಾಟಲ್‌ನಲ್ಲಿ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ಸೀಜ್ ಆಗಬಹುದು. ಒಂದು ಸೈಜ್ ದೊಡ್ಡ ಜೆಟ್ ಜೇಬಿನಲ್ಲಿರಲಿ, ಅಲ್ಲಿ ಪ್ಲಗ್‌ನ ಬಣ್ಣ ನೋಡಿ ತೀರ್ಮಾನಿಸಿ.

ಸಂದು ಕಡಿಮೆ ಮಾಡೋಕೆ ಹೆಡ್ ಕೆಳಗಿನ ಗ್ಯಾಸ್ಕೆಟ್‌ನ ದಪ್ಪ ಬದಲಾಯಿಸಬಹುದಾ ಅನ್ನೋದು ಒಂದೊಂದು ರೂಲ್ ಬುಕ್‌ನಲ್ಲಿ ಒಂದೊಂದು ಥರ ಇರುತ್ತದೆ. ಇಂಜಿನ್ ಕಟ್ಟುವ ಮೊದಲೇ ಆಯೋಜಕರನ್ನು ಕೇಳಿ ಬರೆಸಿಕೊಳ್ಳಿ.