ಬನ್ನಿಯ ಹುಲ್ಲು, ಬಳ್ಳಾರಿಯ ಜಾಲಿ

ಬಳ್ಳಾರಿ ಜಾಲಿ ಗೊತ್ತಿಲ್ಲದ ಬಯಲುಸೀಮೆಯವರು ಇರಲಿಕ್ಕಿಲ್ಲ. ಕೆರೆ ಅಂಗಳ, ರೈಲ್ವೆ ಹಳಿಯ ಪಕ್ಕ, ಬೀಳುಬಿದ್ದ ಹೊಲ, ಎಲ್ಲಿ ನೋಡಿದರೂ ಅದೇ. ಚಿಕ್ಕಂದಿನಲ್ಲಿ ನನ್ನ ಸೈಕಲ್ ಟ್ಯೂಬಿಗೆ ಬಿದ್ದ ತೇಪೆಗಳಲ್ಲಿ ಮುಕ್ಕಾಲು ಪಾಲು ಇದರ ಮುಳ್ಳಿನ ಕೃಪೆ. ಹೆಸರಲ್ಲಿ ಬಳ್ಳಾರಿ ಇದ್ದರೂ ಗಿಡ ಅಮೆರಿಕ ಖಂಡದ್ದು. ಇದೇ ಗಿಡ ಗುಜರಾತಿನ ಗಡಿಯಲ್ಲಿ ಒಂದು ದೊಡ್ಡ ಹುಲ್ಲುಗಾವಲನ್ನು ಹೆಚ್ಚುಕಡಿಮೆ ಅರ್ಧ ನುಂಗಿದೆ. ಅಲ್ಲಿನವರು ಅದನ್ನು 'ಗಾಂಡೋ ಬಾವಳ್' ಅನ್ನುತ್ತಾರೆ, ಅಂದರೆ ಹುಚ್ಚು ಜಾಲಿ. ಆ ಹುಲ್ಲುಗಾವಲಿನ ಹೆಸರು ಬನ್ನಿ.

ದಸರೆಗೆ ನಾವು ಎಲೆ ಹಂಚುವ ಬನ್ನಿ ಮರಕ್ಕೂ ಈ ಬನ್ನಿಗೂ ಹೆಸರಿನ ನಂಟಿಲ್ಲ. ತಮಾಷೆ ಅಂದರೆ, ಬನ್ನಿ ಮರವೂ ಬಳ್ಳಾರಿ ಜಾಲಿಯೂ ದಾಯಾದಿಗಳು. ಸಸ್ಯಶಾಸ್ತ್ರದ ಪುಸ್ತಕಗಳು ಬಹುಕಾಲ ಎರಡನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದವು.

ಕಛ್ ಜಿಲ್ಲೆಯ ಭುಜ್‌ನಿಂದ ಉತ್ತರಕ್ಕೆ ಹೋದರೆ ಬನ್ನಿ ಶುರುವಾಗುತ್ತದೆ. ಸುಮಾರು 2,500 ಚದರ ಕಿಲೋಮೀಟರ್, ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು. ಅದರಾಚೆ ಮಹಾ ರಣ್ ಎಂಬ ಉಪ್ಪಿನ ಬಯಲು. ರಣ್ ದಾಟಿದರೆ ಪಾಕಿಸ್ತಾನದ ಥಾರ್‌ಪಾರ್ಕರ್. ರಣ್ ಒಂದು ಕಾಲದಲ್ಲಿ ಸಮುದ್ರದ ತೋಳು. ನದಿಗಳು ತಂದ ಹೂಳು ಅದನ್ನು ನಿಧಾನವಾಗಿ ತುಂಬಿತು. ಬನ್ನಿ ಕೂಡ ಅದೇ ಹೂಳಿನ ನೆಲ, ರಣ್‌ಗಿಂತ ಒಂದಿಷ್ಟು ಎತ್ತರ ಅಷ್ಟೆ. ಕಣ್ಣಿಗೆ ಈ ಏರಿಳಿತ ಕಾಣುವುದೇ ಇಲ್ಲ, ಹುಲ್ಲಿಗೆ ಮಾತ್ರ ಗೊತ್ತಾಗುತ್ತದೆ. ಸ್ವಲ್ಪ ಎತ್ತರದ ಜಾಗದಲ್ಲಿ ಮಳೆನೀರು ಉಪ್ಪನ್ನು ತೊಳೆದು ಹಾಕುತ್ತದೆ, ಅಲ್ಲಿ ದನಗಳಿಗೆ ಪ್ರಿಯವಾದ ಮೇವು. ಒಂದಡಿ ಕೆಳಗಾದರೆ ಉಪ್ಪು ತಾಳಿಕೊಳ್ಳುವ ಒರಟು ಹುಲ್ಲು. ಇನ್ನೂ ಕೆಳಗೆ ಬರೀ ಬೋಳು ನೆಲ.

ಇಂಥ ನೆಲದಲ್ಲಿ ಕೆಲವು ಅಡಿ ಹೆಚ್ಚುಕಡಿಮೆ ಆದರೆ ಏನಾಗುತ್ತದೆ? 1819ರ ಜೂನ್ 16ರಂದು ಅದೂ ಆಯಿತು. ದೊಡ್ಡ ಭೂಕಂಪದಲ್ಲಿ ರಣ್‌ನ ಪಶ್ಚಿಮ ಭಾಗದ ಒಂದು ಪಟ್ಟಿ ಮೇಲೆದ್ದಿತು. ಅದರ ದಕ್ಷಿಣಕ್ಕೆ ನೆಲ ಕುಸಿದು ಸಿಂದ್ರಿ ಎಂಬ ಕೋಟೆ ನೀರಲ್ಲಿ ಮುಳುಗಿತು. ಸಿಂಧೂ ನದಿಯ ಒಂದು ಕವಲಿಗೆ ಮನುಷ್ಯರು ಮೊದಲೇ ಒಡ್ಡು ಹಾಕಿದ್ದರು. ಈಗ ಎದ್ದ ದಿಬ್ಬ ಅದಕ್ಕೆ ಇನ್ನೊಂದು ಅಡ್ಡಗೋಡೆಯಾಯಿತು. ಮನುಷ್ಯರು ಕಟ್ಟಿದ್ದಲ್ಲವಲ್ಲ, ಜನ ಅದನ್ನು ಅಲ್ಲಾ ಬಂದ್, ಅಂದರೆ ದೇವರ ಒಡ್ಡು, ಎಂದು ಕರೆದರು. 1826ರಲ್ಲಿ ಪ್ರವಾಹವೊಂದು ಅದನ್ನು ಕೊರೆದುಕೊಂಡು ನುಗ್ಗಿತಾದರೂ ನದಿ ಮೊದಲಿನಂತೆ ಹರಿಯಲಿಲ್ಲ. ಹತ್ತಿರದ ಲಖ್‌ಪತ್ ಬಂದರು ಸೊರಗಿತು. ಅದರ ಉದ್ದನೆಯ ಕೋಟೆ ಗೋಡೆ ಇವತ್ತಿಗೂ ನಿಂತಿದೆ, ಒಳಗೆ ಊರು ಮಾತ್ರ ಬಿಕೋ ಅನ್ನುತ್ತದೆ.

ಬನ್ನಿಯ ಜನರನ್ನು ಮಾಲ್‌ಧಾರಿಗಳು ಅನ್ನುತ್ತಾರೆ. 'ಮಾಲ್' ಅಂದರೆ ಜಾನುವಾರು. ನಾವು ಅಂಗಡಿ ಸಾಮಾನಿಗೆ ಮಾಲು ಅಂತೀವಲ್ಲ, ಅದೇ ಪದ. ಇವರಿಗೆ ಆಸ್ತಿಯೆಂದರೆ ದನವೇ. ಜತ್, ಮುತ್ವಾ, ಹಾಲೇಪೋತ್ರಾ, ರಾಯ್‌ಸಿಪೋತ್ರಾ ಹೀಗೆ ಹಲವು ಮುಸ್ಲಿಂ ಪಂಗಡಗಳು, ಹೆಚ್ಚಿನವರ ಹಿರಿಯರು ಸಿಂಧ್ ಕಡೆಯಿಂದ ಬಂದವರು. ಜೊತೆಗೆ ಚರ್ಮದ ಕೆಲಸ, ಕಸೂತಿಗೆ ಹೆಸರಾದ ಮೇಘ್ವಾಲರು. 1947ಕ್ಕೆ ಮುಂಚೆ ಮೇವು, ನೆಂಟಸ್ತಿಕೆ ಎಲ್ಲಾ ರಣ್ ದಾಟಿ ನಡೆಯುತ್ತಿತ್ತು. ಆಮೇಲೆ ಗಡಿ ಬಂತು. 1965ರಲ್ಲಿ ಇಲ್ಲಿ ಕಾಳಗವೂ ಆಯಿತು. ಮೂವರ ಅಂತರರಾಷ್ಟ್ರೀಯ ನ್ಯಾಯಮಂಡಳಿ 1968ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಪಾಕಿಸ್ತಾನ ಕೇಳಿದ್ದರಲ್ಲಿ ಶೇಕಡಾ 10ರಷ್ಟು ಅದಕ್ಕೆ ಸಿಕ್ಕಿತು. ಅದರಲ್ಲಿ ಛಡ್ ಬೇಟ್, ಧಾರಾ ಬನ್ನಿ ಎಂಬ ಮೇವಿನ ದಿಬ್ಬಗಳೂ ಸೇರಿದ್ದವು. ಆ ಹುಲ್ಲಿಗೆ ಹಿಂದೆ ಯಾರ ದನ ಬರುತ್ತಿತ್ತು ಎಂಬುದೂ ಅಲ್ಲಿ ಸಾಕ್ಷ್ಯವಾಗಿತ್ತು! ಉಳಿದದ್ದು ಬರೀ ಉಪ್ಪು. ದನಕ್ಕೆ ಬೇಡದ ಆ ನೆಲಕ್ಕೆ ಸಾಕ್ಷಿ ಹೇಳುವವರಾದರೂ ಎಲ್ಲಿಂದ ಬರಬೇಕು?

ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ ಬೀಳುವ ಕಡೆ, ಕೆಳಗೆಲ್ಲಾ ಉಪ್ಪುನೀರು ಇರುವ ಕಡೆ, ಸಾವಿರಾರು ದನ ಏನು ಕುಡಿಯುತ್ತವೆ? ನನಗೆ ಬನ್ನಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದಕ್ಕೆ ಅವರು ಕಂಡುಕೊಂಡ ಉಪಾಯ. ಮಳೆನೀರು ತಗ್ಗುಗಳಲ್ಲಿ ನಿಂತು ಇಂಗುತ್ತದೆ. ಒಂದು ಲೀಟರ್ ಸಿಹಿನೀರು 1,000 ಗ್ರಾಂ ತೂಗಿದರೆ ಸಮುದ್ರದ ನೀರು ಸುಮಾರು 1,025 ಗ್ರಾಂ. ಅಷ್ಟು ಸಣ್ಣ ವ್ಯತ್ಯಾಸ ಸಾಕು. ಇಂಗಿದ ಸಿಹಿನೀರು ಮಣ್ಣಿನೊಳಗೇ ಉಪ್ಪುನೀರಿನ ಮೇಲೆ, ಹಾಲಿನ ಮೇಲೆ ಕೆನೆ ಕೂತ ಹಾಗೆ ಕೂರುತ್ತದೆ. ಆ ಕೆನೆಯಷ್ಟನ್ನೇ ತೆಗೆಯಬೇಕು. ಅದಕ್ಕೇ ಮಾಲ್‌ಧಾರಿಗಳು ಆಳದ ಬಾವಿ ತೋಡುವುದಿಲ್ಲ. ತಗ್ಗಿನಲ್ಲಿ ಒಂದೆರಡು ಆಳುದ್ದದ ಗುಂಡಿ ತೆಗೆಯುತ್ತಾರೆ. ಅದೇ ವಿರ್ಡಾ. ಒಳಗೋಡೆ ಕುಸಿಯದಂತೆ ಮರದ ತುಂಡುಗಳನ್ನು ಚೌಕವಾಗಿ ಒಂದರ ಮೇಲೊಂದು ಜೋಡಿಸುತ್ತಾರೆ. ಹಿಂದೆ ಹುಲ್ಲು ತುರುಕುತ್ತಾರೆ, ನೀರು ಸೋಸಿ ಬರುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಪಕ್ಕದಲ್ಲೇ ದನಕ್ಕೆ ಮಣ್ಣಿನ ತೊಟ್ಟಿ. ನೀರು ಎತ್ತುತ್ತಾ ಹೋದಂತೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ನಾಲಿಗೆಗೆ ಉಪ್ಪು ಹತ್ತಿತೋ, ಆ ವಿರ್ಡಾ ಬಿಟ್ಟು ಮುಂದಿನದಕ್ಕೆ ಹೋಗುವುದು. ಮುಂದಿನ ಮಳೆ ಹಳೆಯದನ್ನು ಹೂಳಿನಿಂದ ಮುಚ್ಚುತ್ತದೆ, ಮತ್ತೆ ತೋಡಬೇಕು. ಬೋರ್‌ವೆಲ್ ಕೊರೆಯುವ ಅವಸರದ ನಮಗೆ ಇಷ್ಟು ತಾಳ್ಮೆ ಎಲ್ಲಿ?

ಎಮ್ಮೆಗಳೂ ಜಾಣವೇ. ಹಗಲ ಬಿಸಿಲು ತಪ್ಪಿಸಿಕೊಂಡು ಸಂಜೆ ಹೊರಡುತ್ತವೆ. ರಾತ್ರಿಯಿಡೀ ಮೇಯ್ದು ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ತಾವೇ ಮನೆಗೆ ಬರುತ್ತವೆ. ಸುರುಳಿ ಕೊಂಬಿನ ಈ ಬನ್ನಿ ಎಮ್ಮೆಯನ್ನು 2010ರಲ್ಲಿ ದೇಶದ 11ನೇ ಎಮ್ಮೆ ತಳಿಯೆಂದು ಅಧಿಕೃತವಾಗಿ ಗುರುತಿಸಿದರು. ಹಿಂದೆ ಇಲ್ಲಿ ಕಾಂಕ್ರೇಜ್ ಹಸುಗಳದೇ ದರ್ಬಾರು. ಅವು ಕಡಿಮೆಯಾಗಿ ಎಮ್ಮೆ ಹೆಚ್ಚಿದ್ದಕ್ಕೆ ಒಂದು ಕಾರಣ ನಮ್ಮ ಬಳ್ಳಾರಿ ಜಾಲಿ.

1961ರಲ್ಲಿ ಅರಣ್ಯ ಇಲಾಖೆ, ರಣ್‌ನ ಉಪ್ಪು ಮುಂದೊತ್ತಿ ಬರದಿರಲಿ ಎಂದು, ಸುಮಾರು 31,550 ಹೆಕ್ಟೇರಿನಲ್ಲಿ ಈ ಗಿಡ ಹಾಕಿಸಿತು. ಉದ್ದೇಶ ಒಳ್ಳೆಯದೇ. ಆದರೆ 1955ರಲ್ಲೇ ಬನ್ನಿಯನ್ನು ಸಂರಕ್ಷಿತ ಅರಣ್ಯ ಎಂದು ಬರೆದಾಗಿತ್ತು. ಅರಣ್ಯ ಅಂದ ಮೇಲೆ ಮರ ಬೇಡವೇ? ಹುಲ್ಲುಗಾವಲು ಅಂದರೆ ಕಾಡಾಗದೆ ಉಳಿದ ಪಾಳು ಭೂಮಿ ಎಂಬ ಹಳೇ ಲೆಕ್ಕ. ಈ ಲೆಕ್ಕ ಸುಮ್ನೆ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಸಾವಿರಾರು ದನ ಸಾಕಿದ ನೆಲ ಪಾಳು ಹೇಗಾದೀತು?

ಗಿಡ ಹಾಕಿದ ಜಾಗದಲ್ಲೇ ನಿಲ್ಲಲಿಲ್ಲ. ಇದರ ಕಾಯಿ ಸಿಹಿ, ದನಗಳಿಗೆ ಬಲು ರುಚಿ. ಬೀಜ ಮಾತ್ರ ಗಟ್ಟಿ. ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾಗಿ, ಸೆಗಣಿಯ ಗೊಬ್ಬರದ ಜೊತೆಗೇ ಬೀಳುತ್ತದೆ. ಬಿತ್ತನೆಗೆ ಇನ್ನೇನು ಬೇಕು! ಕಾಯಿ ಜಾಸ್ತಿ ತಿಂದ ಹಸುಗಳ ಹೊಟ್ಟೆ ಕಟ್ಟಿಕೊಂಡು ಎಷ್ಟೋ ಸತ್ತವು. ಎಮ್ಮೆಗಳು ತಕ್ಕಮಟ್ಟಿಗೆ ತಡೆದುಕೊಂಡವು. ಹಾಗಂತ ಜಾಲಿಯಿಂದ ಬದುಕುವವರೂ ಇದ್ದಾರೆ, ಅದರ ಇದ್ದಿಲು ಸುಟ್ಟು ಮಾರಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅವರಿಗೆ ಗಿಡ ಪೂರ್ತಿ ಹೋಗಲಿ ಅನ್ನುವುದು ಸುಲಭವಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಮಾಲ್‌ಧಾರಿಗಳು ಸಾಮೂಹಿಕ ಹಕ್ಕು ಕೇಳುತ್ತಿದ್ದಾರೆ. ಹುಲ್ಲುಗಾವಲನ್ನು ಬೇಲಿ ಹಾಕಿ ಉಳುತ್ತಿದ್ದವರ ವಿರುದ್ಧ ಹಸಿರು ನ್ಯಾಯಮಂಡಳಿಗೂ ಹೋದರು. ಒತ್ತುವರಿ ತೆರವು ಮಾಡಿ ಎಂದು 2021ರಲ್ಲಿ ಆದೇಶ ಬಂತು. ಕೆಲವು ಕಡೆ ಜಾಲಿ ಕಿತ್ತ ತುಂಡು ನೆಲಗಳಲ್ಲಿ ಮಳೆ ಬಿದ್ದ ಮೇಲೆ ಹುಲ್ಲು ಮತ್ತೆ ಎದ್ದಿದೆ. ಬರೀ ಕಡಿದರೆ ಆಗದು, ಬುಡದಿಂದ ಹತ್ತು ಚಿಗುರು ಬರುತ್ತದೆ. ಬೇರು ಸಮೇತ ಕೀಳಬೇಕು. ಕಿತ್ತ ಮೇಲೂ ಪ್ರತಿ ಮಳೆಗಾಲ ಹೋಗಿ ಸಸಿ ಹುಡುಕಬೇಕು. ಯಾಕಂದರೆ ಆಚೆಗಿನ ಜಾಲಿ ಕೆಳಗೆ ಕಾಯಿ ತಿಂದ ಎಮ್ಮೆಗಳು ರಾತ್ರಿ ಇದೇ ಹುಲ್ಲಿಗೆ ಬರುತ್ತವೆ, ಸೆಗಣಿಯನ್ನೂ ಇಲ್ಲೇ ಹಾಕುತ್ತವೆ.