ಹೊಳೆಯ ಸ್ನಾನಕ್ಕೆ ಎಷ್ಟು ಕ್ಯೂಸೆಕ್ ಬೇಕು?

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಗೆ ಕಡಲತೀರವಿಲ್ಲ. ಆದರೆ ನೀರಿಗಿಳಿಯುವ ಜನರಿಗೇನೂ ಕೊರತೆಯಿಲ್ಲ. ಹುಣ್ಣಿಮೆಯ ದಿನ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಬಂದವರು ದರ್ಶನಕ್ಕೆ ಮೊದಲು ತುಂಗಭದ್ರೆಯಲ್ಲಿ ಮೀಯುತ್ತಾರೆ. ಸಾಣಾಪುರದ ಕೆರೆಯಲ್ಲಿ ಹರಿಗೋಲು ಏರಿದ ಪ್ರವಾಸಿಗರು ಸಂಜೆಯವರೆಗೂ ನೀರಲ್ಲೇ ಕಳೆಯುತ್ತಾರೆ. ಶಾಲೆಗೆ ರಜೆ ಬಿದ್ದ ಮೇಲೆ ಹುಡುಗರು ಎಡದಂಡೆ ಕಾಲುವೆಯಲ್ಲಿ ಈಜು ಕಲಿಯುತ್ತಾರೆ. ಆಳ, ಸುಳಿ, ಮೊಸಳೆಗಳ ಬಗ್ಗೆ ಎಚ್ಚರಿಸುವ ಫಲಕಗಳನ್ನು ಹೊಳೆಯ ದಂಡೆಗಳಲ್ಲಿ ಕಂಡಿದ್ದೇನೆ. ಈ ನೀರಿನಲ್ಲಿ ಚರಂಡಿಯ ಪಾಲು ಎಷ್ಟಿದೆ ಎಂದು ತಿಳಿಸುವ ಫಲಕವನ್ನು ಮಾತ್ರ ಎಲ್ಲಿಯೂ ಕಂಡಿಲ್ಲ.

ಆ ಪಾಲನ್ನು ಅಳೆಯುವುದು ಕಷ್ಟದ ಕೆಲಸವೇನಲ್ಲ. ಮನುಷ್ಯರ ಹಾಗೂ ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಫೀಕಲ್ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಗುಂಪು ನೀರಿನಲ್ಲಿ ಎಷ್ಟಿದೆ ಎಂದು ನೋಡಿದರೆ ಸಾಕು. ಇವುಗಳಲ್ಲಿ ಹೆಚ್ಚಿನವು ತಾವಾಗಿ ರೋಗ ತರುವುದಿಲ್ಲ. ಆದರೆ ಇವು ಬಂದ ದಾರಿಯಲ್ಲಿಯೇ ಕಾಲರಾ, ಟೈಫಾಯ್ಡ್, ಹೆಪಟೈಟಿಸ್-ಎ, ವಾಂತಿಭೇದಿಯ ರೋಗಾಣುಗಳೂ ಬರುತ್ತವೆ. ಪ್ರಯೋಗಾಲಯದಲ್ಲಿ ಸಾಲಾಗಿ ನಿಲ್ಲಿಸಿದ ಪರೀಕ್ಷಾನಾಳಗಳಲ್ಲಿ ಪೋಷಕ ದ್ರವವನ್ನು ತುಂಬಿ, ಪ್ರತಿಯೊಂದರೊಳಗೂ ಬೆರಳ ತುದಿಗಿಂತ ಸಣ್ಣದಾದ ಇನ್ನೊಂದು ನಾಳವನ್ನು ಬೋರಲಾಗಿ ಇಳಿಬಿಟ್ಟಿರುತ್ತಾರೆ. ಹೊಳೆಯ ನೀರನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಬೆಚ್ಚಗಿಟ್ಟಾಗ ಬ್ಯಾಕ್ಟೀರಿಯಾ ಇದ್ದ ಕಡೆ ದ್ರವ ಕದಡುತ್ತದೆ, ಬೋರಲು ನಾಳದ ತಲೆಯಲ್ಲಿ ಅನಿಲದ ಗುಳ್ಳೆಯೊಂದು ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮತ್ತೆ 44.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇನ್ನೊಂದು ಸುತ್ತಿನ ಪರೀಕ್ಷೆ. ಎಷ್ಟು ನಾಳಗಳಲ್ಲಿ ಗುಳ್ಳೆ ಬಂತು ಎಂಬುದರಿಂದ ಮೂಲ ನೀರಿನಲ್ಲಿದ್ದ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಇದಕ್ಕೆಲ್ಲ ಎರಡು ಮೂರು ದಿನ ಹಿಡಿಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು: ಹುಣ್ಣಿಮೆಯ ದಿನ ತೆಗೆದ ಮಾದರಿಯ ಫಲಿತಾಂಶ ಬರುವ ಹೊತ್ತಿಗೆ ಮಿಂದವರು ಊರು ಸೇರಿರುತ್ತಾರೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಸ್ನಾನದ ಹೊಳೆಯ 100 ಮಿಲಿಲೀಟರ್ ನೀರಿನಲ್ಲಿ, ಅಂದರೆ ಸಣ್ಣದೊಂದು ಚಹಾ ಲೋಟದಷ್ಟು ನೀರಿನಲ್ಲಿ, ಫೀಕಲ್ ಕೋಲಿಫಾರ್ಮ್ 500ರೊಳಗೆ ಇದ್ದರೆ ಒಳ್ಳೆಯದು, 2,500 ಮೀರುವಂತಿಲ್ಲ. ಕಡಲ ಸ್ನಾನ ಮತ್ತು ಜಲಕ್ರೀಡೆಯ ನೀರಿಗೆ ಇದೇ ದೇಶದಲ್ಲಿರುವ ಮಿತಿ 100. ಹೊಳೆಯಲ್ಲಿ ಮೀಯುವವರ ಹೊಟ್ಟೆ ಕಡಲಿಗೆ ಇಳಿಯುವವರ ಹೊಟ್ಟೆಗಿಂತ ಗಟ್ಟಿಯೆಂದು ಯಾರು ತೀರ್ಮಾನಿಸಿದರೋ!

ಸಂಸ್ಕರಿಸದ ಚರಂಡಿ ನೀರಿನಲ್ಲಿ ಈ ಸಂಖ್ಯೆ ಎಷ್ಟಿರುತ್ತದೆ? ಪ್ರತಿ 100 ಮಿಲಿಲೀಟರಿಗೆ ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೆ. ನಡುವಿನ ಒಂದು ಕೋಟಿಯನ್ನು ಹಿಡಿದು ಲೆಕ್ಕ ಹಾಕೋಣ. ಗಂಗಾವತಿಯಷ್ಟು ದೊಡ್ಡದಾದ, ಲಕ್ಷ ಜನರಿರುವ ಊರೊಂದನ್ನು ಊಹಿಸಿಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ನೀರು ಪೂರೈಸಿ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿ ಸೇರುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ ದಿನಕ್ಕೆ ಒಂದು ಕೋಟಿ ಎಂಟು ಲಕ್ಷ ಲೀಟರ್, ಸೆಕೆಂಡಿಗೆ 125 ಲೀಟರ್. ಅಣೆಕಟ್ಟೆಯ ಒಳಹರಿವು, ಹೊರಹರಿವುಗಳನ್ನು ದಿನಾ ಪತ್ರಿಕೆಯಲ್ಲಿ ಓದುವ ನಮ್ಮ ಭಾಗದವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ ಸುಮಾರು 4.4 ಕ್ಯೂಸೆಕ್. ಇದಿಷ್ಟೂ ಸಂಸ್ಕರಣೆಯಾಗದೆ ಹೊಳೆ ಸೇರಿತೆನ್ನಿ. ಕೋಟಿಯನ್ನು 2,500ಕ್ಕೆ ಇಳಿಸಲು ನಾಲ್ಕು ಸಾವಿರ ಪಟ್ಟು ಶುದ್ಧ ನೀರು ಬೇಕು. ಅಂದರೆ ಹೊಳೆಯಲ್ಲಿ ಸುಮಾರು 17,600 ಕ್ಯೂಸೆಕ್ ಹರಿಯುತ್ತಿರಬೇಕು. 500ಕ್ಕೆ ಇಳಿಸಬೇಕಾದರೆ 88,000 ಕ್ಯೂಸೆಕ್. ಅದು ಪ್ರವಾಹದ ಮುನ್ನೆಚ್ಚರಿಕೆ ಕೊಟ್ಟು ಗೇಟು ಎತ್ತುವ ದಿನಗಳ ಹರಿವು! ಬ್ಯಾಕ್ಟೀರಿಯಾಗಳು ದಾರಿಯಲ್ಲಿ ಒಂದಷ್ಟು ಸಾಯುತ್ತವೆ ಎಂಬುದನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಅದನ್ನು ಸೇರಿಸಿದರೂ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬಂಡೆಗಳ ಸಂದಿಯಲ್ಲಷ್ಟೇ ನೀರು ಉಳಿಯುವ ತುಂಗಭದ್ರೆಗೆ ಈ ಕೆಲಸ ಆಗದು.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ನದಿಗಳ ಮಾಲಿನ್ಯವನ್ನು ಹೇಳುವಾಗ ಹೆಚ್ಚಾಗಿ ಬಳಸುವ ಅಳತೆ ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಕೇಂದ್ರ ಮಂಡಳಿ 2018ರಲ್ಲಿ ದೇಶದ 351 ನದಿಭಾಗಗಳನ್ನು ಕಲುಷಿತವೆಂದು ಪಟ್ಟಿ ಮಾಡಿದ್ದು ಇದರ ಆಧಾರದಲ್ಲಿಯೇ. ಹರಿಹರದ ಕೆಳಗಿನ ತುಂಗಭದ್ರೆಯೂ ಆ ಪಟ್ಟಿಯಲ್ಲಿತ್ತು. ಚರಂಡಿ ನೀರಿನ ಬಿಒಡಿ ಲೀಟರಿಗೆ 200 ಮಿಲಿಗ್ರಾಂ ಆಸುಪಾಸಿನದು, ಸ್ನಾನದ ನೀರಿನ ಮಿತಿ 3. ನೂರು ಪಟ್ಟು ನೀರು ಬೆರೆತರೆ ಈ ಮಿತಿಯೊಳಗೆ ಬಂದುಬಿಡಬಹುದು. ಆದರೆ ಅದೇ ನೂರು ಪಟ್ಟು ಬೆರೆತ ನೀರಿನಲ್ಲಿ ಫೀಕಲ್ ಕೋಲಿಫಾರ್ಮ್ ಇನ್ನೂ ಒಂದು ಲಕ್ಷ ಇರುತ್ತದೆ. ಗರಿಷ್ಠ ಮಿತಿಯ ನಲವತ್ತು ಪಟ್ಟು. ಆದ್ದರಿಂದ ಪಟ್ಟಿಯಿಂದ ಒಂದು ಹೊಳೆಯ ಹೆಸರು ಬಿಟ್ಟುಹೋಯಿತೆಂದರೆ ಅದು ಮೀಯಲು ಯೋಗ್ಯವಾಯಿತು ಎಂದು ತಿಳಿಯಬೇಕಾಗಿಲ್ಲ.

ಬಿಸಿಲು ನಮ್ಮ ಸೀಮೆಯ ಬಲ. ತಿಳಿಯಾದ, ಆಳವಿಲ್ಲದ ನೀರಿನಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಬ್ಯಾಕ್ಟೀರಿಯಾಗಳನ್ನು ಬೇಗ ಕೊಲ್ಲುತ್ತವೆ. ಆದರೆ ಮಳೆಗಾಲದ ರಾಡಿ ನೀರಿನೊಳಗೆ ಬಿಸಿಲು ಇಳಿಯುವುದಿಲ್ಲ. ಮೊದಲ ಮಳೆಗಂತೂ ಊರಿನ ಚರಂಡಿ, ಹಳ್ಳಗಳಲ್ಲಿ ತಿಂಗಳುಗಟ್ಟಲೆ ಕೂತ ಹೊಲಸು ಒಮ್ಮೆಲೇ ಕೊಚ್ಚಿಕೊಂಡು ಬರುತ್ತದೆ. ತಳದ ಕೆಸರು ಇನ್ನೊಂದು ಅಡಗುದಾಣ. ಮೇಲಿನ ನೀರಿಗಿಂತ ಕೆಸರಿನಲ್ಲಿ ಇವು ಹೆಚ್ಚು ದಿನ ಬದುಕುತ್ತವೆ. ಸಾವಿರಾರು ಕಾಲುಗಳು ಅದನ್ನು ತುಳಿದಾಗ ಮೇಲೇಳುತ್ತವೆ. ಜಾತ್ರೆಯ ದಿನ ಸ್ನಾನಘಟ್ಟದಲ್ಲಿ ದೊಡ್ಡವರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮೂರು ಮುಳುಗು ಹಾಕಿ ಮೇಲೇರುತ್ತಾರೆ. ಮಕ್ಕಳು ದಡದ ಕೆಸರಿನಲ್ಲೇ ಕೂತು ಅದೇ ಕೈಯನ್ನು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಮಾದರಿ ತೆಗೆಯುವ ಬಾಟಲಿ ನಡುಹೊಳೆಗೆ ಹೋಗದೆ ಆ ದಡಕ್ಕೆ ಬರಬೇಕು.

ಕಡಲತೀರದ ಊರುಗಳು ಈ ಹಾದಿಯಲ್ಲಿ ಮುಂದಿವೆ. ಉಪ್ಪುನೀರಿನಲ್ಲಿ ಕೋಲಿಫಾರ್ಮ್ ಬೇಗ ಸಾಯುವುದರಿಂದ ಅಲ್ಲಿ ಹೆಚ್ಚು ಕಾಲ ಬಾಳುವ ಎಂಟರೋಕಾಕೈ ಎಂಬ ಬ್ಯಾಕ್ಟೀರಿಯಾಗಳನ್ನೂ ಎಣಿಸುತ್ತಾರೆ. ಯುರೋಪ್ ಒಕ್ಕೂಟದ 2006ರ ನಿಯಮದಂತೆ ಸ್ನಾನದ ತಾಣದಲ್ಲಿಯೇ ಅದರ ದರ್ಜೆಯನ್ನು ಪ್ರಕಟಿಸಬೇಕು. ಸತತ ಐದು ವರ್ಷ ಕಳಪೆಯೆನಿಸಿದ ತಾಣದಲ್ಲಿ ಸ್ನಾನವನ್ನು ಕಾಯಂ ನಿಷೇಧಿಸಬೇಕು, ಇಲ್ಲವೇ ಕಾಯಂ ಎಚ್ಚರಿಕೆ ಕೊಡಬೇಕು. ಇಂಗ್ಲೆಂಡಿನಲ್ಲಿ ಚರಂಡಿ ಉಕ್ಕುವ ಬಾಯಿಗಳಿಗೆಲ್ಲ ಮಾಪಕ ಕೂರಿಸಿದ ಮೇಲೆ 2023ರಲ್ಲಿ ಅವು ಒಟ್ಟು 36 ಲಕ್ಷ ಗಂಟೆ ಹರಿದದ್ದು ಬಯಲಾಗಿ ದೊಡ್ಡ ರಂಪವಾಯಿತು. ನಮ್ಮ ರಾಜ್ಯದಲ್ಲಿಯೇ ಕಾಸರಕೋಡು, ಪಡುಬಿದ್ರಿ ಕಡಲತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದವು. ಸ್ನಾನದ ನೀರಿನ ಪರೀಕ್ಷಾ ಫಲಿತಾಂಶವನ್ನು ತೀರದಲ್ಲಿಯೇ ಪ್ರದರ್ಶಿಸುವುದು ಆ ಮನ್ನಣೆಯ ಷರತ್ತು. ಪಡುಬಿದ್ರಿಯಲ್ಲಿ ಸಾಧ್ಯವಾದದ್ದು ಹುಲಿಗಿಯಲ್ಲಿ ಏಕೆ ಸಾಧ್ಯವಿಲ್ಲ?

ಕೇಳಿದರೆ ಉತ್ತರ ಐದು ಕಡೆಯಿಂದ ಬರುತ್ತದೆ. ಒಳಚರಂಡಿ ಮತ್ತು ಶುದ್ಧೀಕರಣ ಘಟಕಗಳನ್ನು ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿ ಹಸ್ತಾಂತರಿಸಿದ ಮೇಲೆ ನಡೆಸಬೇಕಾದದ್ದು ನಗರಸಭೆ. ನೀರಿನ ಮಾದರಿ ತೆಗೆಯುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ನೀರು ಬಿಡುವುದು ತುಂಗಭದ್ರಾ ಮಂಡಳಿ. ಭಕ್ತರ ಜವಾಬ್ದಾರಿ ಮುಜರಾಯಿ ಇಲಾಖೆಯದು. ಮೀಯುವವನು ಯಾರ ಲೆಕ್ಕದಲ್ಲಿಯೂ ಇಲ್ಲ. ರಾಯಚೂರಿನಲ್ಲಿ 2022ರಲ್ಲಿ ಕಲುಷಿತ ನೀರು ಕುಡಿದು ಜನ ಅಸ್ವಸ್ಥರಾಗಿ ಸಾವುಗಳೂ ಸಂಭವಿಸಿದಾಗ ಬೆರಳು ಎಲ್ಲಿಗೆ ತೋರಬೇಕೆಂಬುದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ನಳ ಮನೆಯಂಗಳದಲ್ಲಿತ್ತು. ಹೊಳೆಯಲ್ಲಿ ಮಿಂದು ನಾಲ್ಕು ದಿನಕ್ಕೆ ಕಿವಿ ಸೋರಿದರೆ, ಭೇದಿ ಹತ್ತಿದರೆ, ಬೇರೆ ಜಿಲ್ಲೆಯ ದವಾಖಾನೆಯಲ್ಲಿ ಅದನ್ನು ಯಾರೂ ಹುಲಿಗಿಗೋ ಸಾಣಾಪುರಕ್ಕೋ ತಳುಕು ಹಾಕುವುದಿಲ್ಲ.

ಕಾನೂನು ಮಾತ್ರ ಇಷ್ಟು ಚದುರಿಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿ ನೈರ್ಮಲ್ಯವನ್ನು ಸ್ಥಳೀಯ ಸಂಸ್ಥೆಯ ಕೆಲಸಗಳ ಪಟ್ಟಿಗೆ ಸೇರಿಸಿದೆ. 2017ರ ಅಕ್ಟೋಬರಿನ ಕೇಂದ್ರ ಅಧಿಸೂಚನೆಯಂತೆ ಶುದ್ಧೀಕರಣ ಘಟಕದಿಂದ ಹೊರಬೀಳುವ ನೀರಿನಲ್ಲಿಯೇ ಫೀಕಲ್ ಕೋಲಿಫಾರ್ಮ್ 1,000ದೊಳಗೆ ಇರಬೇಕು. ಘಟಕ ನಿಜವಾಗಿ ನಡೆದರೆ ಮೇಲಿನ ಕ್ಯೂಸೆಕ್ ಲೆಕ್ಕದ ಅಗತ್ಯವೇ ಬೀಳುವುದಿಲ್ಲ. ಹಣವಿಲ್ಲ ಎಂಬ ನೆಪಕ್ಕೂ ಸುಪ್ರೀಂ ಕೋರ್ಟ್ 1980ರಲ್ಲಿಯೇ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮ್ ನಗರಸಭೆ ತೆರೆದ ಗಟಾರಗಳ ವಿಷಯದಲ್ಲಿ ಬೊಕ್ಕಸ ಬರಿದೆಂದು ಹೇಳಿದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ಆ ಮೊಕದ್ದಮೆ ಆರಂಭವಾದದ್ದು ಬೀದಿಯ ನಿವಾಸಿಗಳು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಕೊಟ್ಟ ದೂರಿನಿಂದ. ಆ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೆಯದಾಗಿ ಉಳಿದಿದೆ. ಹುಣ್ಣಿಮೆಗೆ ನಾಲ್ಕು ದಿನ ಮೊದಲು ಸ್ನಾನಘಟ್ಟದ ದಡದಲ್ಲಿ ತೆಗೆದ ಮಾದರಿಯ ಫಲಿತಾಂಶ ಪ್ರತಿ ತಿಂಗಳೂ ಫಲಕಕ್ಕೆ ಏರುವಂತಾದರೆ, ಅಂಥ ದೂರಿನ ಜೊತೆಗೆ ಉಪವಿಭಾಗಾಧಿಕಾರಿಯ ಮುಂದೆ ಇಡಲು ನಿವಾಸಿಗಳ ಕೈಯಲ್ಲಿ ಒಂದು ಸಂಖ್ಯೆ ಇರುತ್ತದೆ.